ಒಂದು ಬಕೆಟ್ ಬಿಸಿನೀರಿಗೆ ಅರ್ಧ ಯೂನಿಟ್

ಬೆಂಗಳೂರಿನ ತಾರಸಿಗಳನ್ನು ನೋಡಬೇಕೆಂದರೆ ಮೆಟ್ರೊ ಹತ್ತಬೇಕು. ನೇರಳೆ ಮಾರ್ಗದ ರೈಲು ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಕಡೆ ಹೊರಟಾಗ, ಹಸಿರು ಮಾರ್ಗ ಪೀಣ್ಯದ ಮೇಲೆ ಹಾಯುವಾಗ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಮುಟ್ಟಿ ಬೊಮ್ಮಸಂದ್ರಕ್ಕೆ ಸಾಗುವಾಗ, ಕಿಟಕಿಯ ಮಟ್ಟದಲ್ಲೇ ಸಾಲು ಸಾಲು ತಾರಸಿಗಳು ಹಿಂದೆ ಸರಿಯುತ್ತವೆ. ಮನೆಗೊಂದೋ ಎರಡೋ ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕದಲ್ಲಿ ದಕ್ಷಿಣಕ್ಕೆ ಮುಖಮಾಡಿ ಓರೆಯಾಗಿ ನಿಂತ ಸೋಲಾರ್. ಇಷ್ಟೊಂದು ಮನೆಗಳು ಬಿಸಿಲಿನಲ್ಲಿ ನೀರು ಕಾಯಿಸಿಕೊಳ್ಳುತ್ತಿವೆ ಎಂದು ಸಂತೋಷವಾಗುತ್ತದೆ. ಆದರೆ ಇನ್ನೊಂದಿಷ್ಟು ಗಮನವಿಟ್ಟು ನೋಡಿ. ಒಂದರ ಗಾಜಿನ ಮೇಲೆ ಕೆಮ್ಮಣ್ಣಿನ ಧೂಳು ಕೂತು ಬಣ್ಣವೇ ಬದಲಾಗಿದೆ. ಇನ್ನೊಂದರಲ್ಲಿ ನಾಲ್ಕು ಟ್ಯೂಬು ಒಡೆದು ಜಾಗ ಖಾಲಿ ಬಿದ್ದಿದೆ. ಮತ್ತೊಂದು, ಪಕ್ಕದ ಸೈಟಿನಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡದ ನೆರಳಿನಲ್ಲಿ ಮಧ್ಯಾಹ್ನವೂ ಮುಳುಗಿದೆ. ಬಟ್ಟೆ ಒಣಹಾಕುವ ಹಗ್ಗ ಕಟ್ಟುವುದಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತಿರುವುದೂ ಇದೆ.

ಬಿಸಿಲಿನಿಂದ ನೀರು ಕಾಯಿಸುವುದರಲ್ಲಿ ಕರ್ನಾಟಕ ಮೊದಲಿನಿಂದಲೂ ದೇಶದ ಮುಂಚೂಣಿಯ ರಾಜ್ಯ. 2007ರಲ್ಲಿ ರಾಜ್ಯ ಸರ್ಕಾರ ನಗರ ಪ್ರದೇಶದಲ್ಲಿ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ, ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಸೋಲಾರ್ ಕೂರಿಸದ ಹೊಸ ಮನೆಗೆ ಕಾಯಂ ವಿದ್ಯುತ್ ಸಂಪರ್ಕ ಇಲ್ಲ ಎಂಬ ನಿಯಮ ಬೆಸ್ಕಾಂ ಕಡೆಯಿಂದ ಬಂತು. ಅದು ಕೆಲಸ ಮಾಡಿತು. ಹೊರವಲಯದ ಬಡಾವಣೆಗಳು ಹೆಚ್ಚಾಗಿ ಎದ್ದದ್ದೇ ಆ ನಿಯಮ ಬಂದ ನಂತರ. ಹಾಗಾಗಿ ವರ್ತೂರು, ಹೂಡಿ, ಬೇಗೂರು, ದಾಸರಹಳ್ಳಿಯ ಕಡೆ ಮನೆ ಕಟ್ಟಿದವರು ಬಾಗಿಲು ಕಿಟಕಿಯ ಜೊತೆಗೇ ಸೋಲಾರನ್ನೂ ಲೆಕ್ಕ ಹಾಕಿದರು. ಆದರೂ ಬೆಳಿಗ್ಗೆ ಆರರಿಂದ ಎಂಟರವರೆಗೆ ಇದೇ ಮನೆಗಳ ಬಚ್ಚಲಿನಲ್ಲಿ ಗೀಸರಿನ ಕೆಂಪು ದೀಪ ಉರಿಯುತ್ತಿರುತ್ತದೆ. ನಿಯಮ ಕೂರಿಸಿದ್ದನ್ನು ಮಾತ್ರ ಕೇಳಿತು. ಅದರಿಂದ ಬಿಸಿನೀರು ಬರುತ್ತಿದೆಯೇ ಎಂದು ಆಮೇಲೆ ಯಾರೂ ಕೇಳಲಿಲ್ಲ. ಈ ಕೈಬಿಟ್ಟ ಅರ್ಧ ಕೆಲಸದ ಬಗ್ಗೆಯೇ ನಾನು ಬರೆಯಬೇಕೆಂದಿರುವುದು.

ನಮ್ಮಲ್ಲಿ ಬಿಸಿನೀರಿಗೆ ಒಂದು ಹಬ್ಬವೇ ಇದೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ಹಂಡೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಕೊರಳಿಗೆ ಹೂವಿನ ಹಾರ ಸುತ್ತಿ ನೀರು ತುಂಬುತ್ತಿದ್ದರು. ಮರುದಿನ ನಸುಕಿಗೇ ಎದ್ದು ಎಣ್ಣೆ ಹಚ್ಚಿಕೊಂಡು ಅಭ್ಯಂಜನ. ಒಲೆಗೆ ತೆಂಗಿನ ಗರಿ, ಮಟ್ಟೆ, ತೋಟದ ಕಸಕಡ್ಡಿ. ಆ ಉರಿಗೆ ಖರ್ಚಿಲ್ಲ ಎಂದು ಎಲ್ಲರೂ ತಿಳಿದಿದ್ದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನವನ್ನು ಒಯ್ಯಲೆಂದು ಕಟ್ಟಿದ ‘ಅಸ್ತ್ರ’ ಎಂಬ ವಿಭಾಗದವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಕೂತು ಯಾವ ಕೆಲಸಕ್ಕೆ ಎಷ್ಟು ಸೌದೆ ಹೋಗುತ್ತದೆ ಎಂದು ಅಳೆದರು. ಮನೆಗಳ ಸೌದೆಯಲ್ಲಿ ಅಡುಗೆ ಬಿಟ್ಟರೆ ದೊಡ್ಡ ಪಾಲು ಸ್ನಾನದ ನೀರಿನದೇ ಆಗಿತ್ತು.

ಅದೇ ರೆಡ್ಡಿಯವರು ಮತ್ತು ಅವರ ಜೊತೆಗಾರರು 1991ರಲ್ಲಿ ಕರ್ನಾಟಕದ ವಿದ್ಯುತ್ತಿಗಾಗಿ ಬೇರೆಯದೇ ಒಂದು ಯೋಜನೆ ಮುಂದಿಟ್ಟರು. ‘ಡಿಫೆಂಡಸ್’ ಎಂದು ಅದರ ಹೆಸರು. ಅದಕ್ಕೆ ಮೊದಲು ಸರ್ಕಾರದ ಸಮಿತಿಯೊಂದು ಇನ್ನೆಷ್ಟು ವಿದ್ಯುತ್ ಸ್ಥಾವರ ಬೇಕು ಎಂದು ಪಟ್ಟಿ ಕೊಟ್ಟಿತ್ತು. ರೆಡ್ಡಿಯವರು ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಕೇಳಿದರು. ಜನಕ್ಕೆ ಬೇಕಾಗಿರುವುದು ಬೆಳಕು, ಬಿಸಿನೀರು, ಹೊಲಕ್ಕೆ ನೀರು. ಅದನ್ನು ಕಡಿಮೆ ವಿದ್ಯುತ್ತಿನಲ್ಲಿ, ಅಥವಾ ವಿದ್ಯುತ್ತೇ ಇಲ್ಲದೆ, ಕೊಡುವ ದಾರಿ ಯಾವುದು? ಅವರು ಕೊಟ್ಟ ಉತ್ತರಗಳಲ್ಲಿ ಒಂದು, ಮನೆಗಳ ವಿದ್ಯುತ್ ಗೀಸರುಗಳನ್ನು ತೆಗೆದು ಅಲ್ಲಿಗೆ ಸೋಲಾರ್ ತರುವುದು. ಮೂರು ದಶಕ ಕಳೆದ ಮೇಲೂ ಆ ಪ್ರಶ್ನೆ ಕೇಳುವ ಕ್ರಮ ಸರಿಯಾಗಿಯೇ ಇದೆ.

ಲೆಕ್ಕ ಸುಲಭ, ಯಾರು ಬೇಕಾದರೂ ಮಾಡಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋಕ್ಯಾಲರಿ ಇದೆ. ಟ್ಯಾಂಕಿನ ನೀರು 22 ಡಿಗ್ರಿ ಇದ್ದು, ಮೈಗೆ ಹದವಾದ 42 ಡಿಗ್ರಿಗೆ ತರಬೇಕೆಂದರೆ, 20 ಲೀಟರಿನ ಬಕೆಟ್ಟಿಗೆ 400 ಕಿಲೋಕ್ಯಾಲರಿ. ಅಂದರೆ ಒಂದು ಬಕೆಟ್ ಬಿಸಿನೀರಿಗೆ ಹೆಚ್ಚುಕಡಿಮೆ ಅರ್ಧ ಯೂನಿಟ್. ನಾಲ್ಕು ಜನರ ಸಂಸಾರ, ತಲೆಗೆ ಒಂದೂವರೆ ಬಕೆಟ್ ಎಂದರೆ ದಿನಕ್ಕೆ ಸುಮಾರು ಮೂರು ಯೂನಿಟ್, ತಿಂಗಳಿಗೆ ತೊಂಬತ್ತು. ಗೀಸರನ್ನು ಆಫ್ ಮಾಡಲು ಮರೆತರೆ ಅದು ಬೇರೆ.

2023ರ ಜುಲೈನಿಂದ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ‘ಕರೆಂಟು ಪುಕ್ಕಟೆ ಇರುವಾಗ ಸೋಲಾರ್ ಯಾಕೆ’ ಎನ್ನುವವರು ಹೆಚ್ಚಿದ್ದಾರೆ. ಅವರಿಗೆ ಈ ತೊಂಬತ್ತು ಯೂನಿಟ್ಟನ್ನು ತೋರಿಸಬೇಕು. ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್, ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಫ್ರಿಜ್ಜು, ಟೀವಿ, ಫ್ಯಾನು, ಮಿಕ್ಸಿ, ವಾಷಿಂಗ್ ಮೆಷಿನ್ ಇರುವ ಮನೆಯನ್ನು 200ರ ಗೆರೆಯಿಂದ ಆಚೆಗೆ ನೂಕುವುದು ಬಹಳ ಸಲ ಗೀಸರೇ. ಡಿಸೆಂಬರ್, ಜನವರಿ ಬಿಲ್ ತೆಗೆದು ಏಪ್ರಿಲ್ ಬಿಲ್ ಪಕ್ಕದಲ್ಲಿ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಇನ್ನು ಸೋಲಾರ್. ನೂರು ಲೀಟರಿನ ಸೋಲಾರಿಗೆ ಸುಮಾರು ಎರಡು ಚದರ ಮೀಟರ್ ಬಿಸಿಲು ಹಿಡಿಯುವ ಹಲಗೆ ಬೇಕು. ಬೆಂಗಳೂರಿನ ಒಳ್ಳೆಯ ಬಿಸಿಲಿಗೆ ಅದು ದಿನಕ್ಕೆ ನಾಲ್ಕೂವರೆ ಯೂನಿಟ್ಟಿನಷ್ಟು ಶಾಖ ಹಿಡಿದು ನೀರನ್ನು 60 ಡಿಗ್ರಿಗೆ ತರುತ್ತದೆ. ಪಂಪಿಲ್ಲ, ಮೋಟಾರಿಲ್ಲ. ಬಿಸಿಯಾದ ನೀರು ಹಗುರವಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ನೂರು ಲೀಟರಿನ ಒಂದು ಸೋಲಾರ್ ವರ್ಷಕ್ಕೆ ಸುಮಾರು 1500 ಯೂನಿಟ್ ಉಳಿಸಬಲ್ಲದು ಎಂಬುದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜು. ಬೆಂಗಳೂರಿಗೆ ಇನ್ನೊಂದು ಅನುಕೂಲವಿದೆ. ಇಲ್ಲಿ ಚಳಿ ಹೆಚ್ಚಿರುವ ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ. ಬಿಸಿನೀರು ಹೆಚ್ಚು ಬೇಕಾದಾಗಲೇ ಬಿಸಿಲೂ ಸಿಗುತ್ತದೆ. ಮೋಡ ಮುಸುಕಿ ಸೋಲಾರ್ ಹೆಚ್ಚಾಗಿ ಕೈಕೊಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದೂ ಎಲ್ಲ ದಿನವಲ್ಲ.

ಹಾಗಿದ್ದರೂ ಹೊರವಲಯದಲ್ಲಿ ಸೋಲಾರ್ ಯಾಕೆ ಸೋಲುತ್ತದೆ ಎಂದರೆ ಮೊದಲ ಕಾರಣ ನೀರು. ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಭಾಗದ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದು 2007ರಲ್ಲಿ. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವಿನ ಅಷ್ಟೂ ವರ್ಷ ಇಲ್ಲಿನ ಮನೆಗಳು ಬದುಕಿದ್ದು ಸಾವಿರ ಅಡಿ ಇಳಿದ ಬೋರ್‌ವೆಲ್ ಮೇಲೆ ಮತ್ತು ಟ್ಯಾಂಕರ್ ಮೇಲೆ. ಕಾವೇರಿ ಪೈಪು ಬಂದ ಮನೆಗಳಲ್ಲೂ ಸಂಪಿನಲ್ಲಿ ಎರಡೂ ನೀರು ಬೆರೆತೇ ಇರುತ್ತದೆ. ಈ ಗಡಸು ನೀರನ್ನು ಪಾತ್ರೆಯಲ್ಲಿ ಕಾಯಿಸಿ ಆರಿಸಿದರೆ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ನಲ್ಲಿಯ ಮೂತಿಗೆ, ಶವರಿನ ತೂತುಗಳಿಗೆ ಉಪ್ಪು ಕಟ್ಟುತ್ತದೆ ಎನ್ನುತ್ತೇವಲ್ಲ, ಅದೇ. ನೀರು ಬಿಸಿಯಾದಷ್ಟೂ ಈ ಸುಣ್ಣ ಬೇಗ ಕಟ್ಟುತ್ತದೆ.

ತಾಮ್ರದ ಹಾಳೆಗೆ ಸಣ್ಣ ತಾಮ್ರದ ಕೊಳವೆಗಳನ್ನು ಬೆಸೆದ, ಮೇಲೆ ಚಪ್ಪಟೆ ಗಾಜು ಮುಚ್ಚಿದ ಹಳೆಯ ಮಾದರಿಯ ಸೋಲಾರಿನಲ್ಲಿ ಆ ಕೊಳವೆಗಳ ಒಳಗೇ ಸುಣ್ಣ ಸುತ್ತಿಕೊಳ್ಳುತ್ತದೆ. ವರ್ಷ ವರ್ಷಕ್ಕೆ ದಾರಿ ಸಣ್ಣದಾಗುತ್ತದೆ, ನೀರು ಏರುವುದು ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಹೊಸದರ ಹಾಗೇ ಇರುತ್ತದೆ, ಬಿಸಿನೀರು ಮಾತ್ರ ಬರುವುದಿಲ್ಲ. ಮನೆಯವರು ಸೋಲಾರೇ ಅಷ್ಟು ಎಂದುಕೊಂಡು ಗೀಸರ್ ತರುತ್ತಾರೆ. ಆಮ್ಲ ಹಾಕಿ ಸುಣ್ಣ ಕರಗಿಸುವ ಸರ್ವಿಸ್ ಕಾಲಕಾಲಕ್ಕೆ ಮಾಡಿಸಿದ್ದರೆ ಅದೇ ಸೋಲಾರ್ ಹದಿನೈದು ವರ್ಷ ನಡೆಯುತ್ತಿತ್ತು. ಬೋರ್ ನೀರೇ ಗತಿ ಎನ್ನುವ ಕಡೆ ಗಾಜಿನ ಟ್ಯೂಬಿನ ಮಾದರಿ ವಾಸಿ. ಟ್ಯೂಬಿನ ಬಾಯಿ ಅಗಲ, ಸುಣ್ಣ ತಳಕ್ಕೆ ಇಳಿದರೂ ನೀರಿನ ಓಟ ಬೇಗ ಕಟ್ಟುವುದಿಲ್ಲ, ಬಿಚ್ಚಿ ತೊಳೆಯಬಹುದು, ಒಡೆದರೆ ಒಂದೇ ಟ್ಯೂಬ್ ಬದಲಾಯಿಸಬಹುದು. ಇನ್ನೂ ಒಳ್ಳೆಯದು, ಹಲಗೆಯಲ್ಲಿ ಬೇರೆ ದ್ರವ ಸುತ್ತುತ್ತ ಟ್ಯಾಂಕಿನ ನೀರಿಗೆ ಶಾಖವನ್ನಷ್ಟೇ ಕೊಡುವ ಮಾದರಿ, ಆದರೆ ಬೆಲೆ ಹೆಚ್ಚು. ಟ್ಯಾಂಕಿನೊಳಗೆ ತುಕ್ಕನ್ನು ತನ್ನ ಮೇಲೆ ಎಳೆದುಕೊಳ್ಳಲೆಂದೇ ಇಟ್ಟ ಮೆಗ್ನೀಶಿಯಂ ಕಡ್ಡಿ ಒಂದಿರುತ್ತದೆ. ಅದು ಸವೆದುಹೋದ ಮೇಲೆ ಟ್ಯಾಂಕೇ ಸವೆಯಲು ಶುರು. ಸರ್ವಿಸಿಗೆ ಬಂದವರನ್ನು ಈ ಕಡ್ಡಿ ಹೇಗಿದೆ ಎಂದು ಕೇಳಿ.

ಗಾಜನ್ನು ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಕಟ್ಟಡ ಕೆಲಸ ನಿಲ್ಲದ ವೈಟ್‌ಫೀಲ್ಡ್ ಕಡೆ ಹದಿನೈದು ದಿನಕ್ಕೊಮ್ಮೆಯಾದರೂ ಬೇಕು. ಬೆಳಗಿನ ಹೊತ್ತು, ಬಿಸಿಲೇರುವ ಮೊದಲು ತೊಳೆಯಬೇಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಿದರೆ, ಅಥವಾ ಬಿಸಿಲಿನಲ್ಲಿ ಖಾಲಿ ಬಿದ್ದ ಟ್ಯೂಬಿಗೆ ನೀರು ಬಿಟ್ಟರೆ, ಅದು ಸೀಳುತ್ತದೆ.

ಎರಡನೆಯ ಕಾರಣ ಪೈಪು. ಮೂರಂತಸ್ತಿನ ಮನೆಯ ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ ಸುತ್ತಿ ಬರುವ ಮುಕ್ಕಾಲು ಇಂಚಿನ ಪೈಪು ಇಪ್ಪತ್ತು ಮೀಟರ್ ಇದ್ದರೆ ಅದರೊಳಗೆ ಐದಾರು ಲೀಟರ್ ನೀರು ನಿಂತಿರುತ್ತದೆ. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಮೊದಲು ಬರುವುದು ರಾತ್ರಿಯಿಡೀ ತಣ್ಣಗಾದ ಆ ನೀರು. ಟ್ಯಾಂಕರಿಗೆ ದುಡ್ಡು ಕೊಡುವ ಬಡಾವಣೆಯಲ್ಲಿ ಅದು ಮೋರಿಗೆ ಹೋಗುವುದನ್ನು ನೋಡಲಾಗದೆ ಎಷ್ಟೋ ಮನೆಯ ಹೆಂಗಸರು ಸೋಲಾರ್ ನಲ್ಲಿಯನ್ನೇ ಮುಚ್ಚಿ ಗೀಸರ್ ಹಾಕಿಕೊಳ್ಳುತ್ತಾರೆ. ಅವರದು ತಪ್ಪು ಎನ್ನಲಾರೆ. ತಪ್ಪು ಪೈಪು ಎಳೆದವರದು. ಸೋಲಾರಿನ ಪೈಪು ಗೋಡೆಯಲ್ಲಿ ಹುಗಿಯುವ ಮೊದಲು ಅದಕ್ಕೆ ಶಾಖ ತಡೆಯುವ ಹೊದಿಕೆ ಸುತ್ತಿರಬೇಕು, ಬಚ್ಚಲುಗಳು ಒಂದರ ಕೆಳಗೊಂದು ಬರುವಂತೆ ನಕ್ಷೆ ಇರಬೇಕು, ಬೇಕಾದ್ದಕ್ಕಿಂತ ದಪ್ಪದ ಪೈಪು ಹಾಕಬಾರದು. ಕಟ್ಟಿ ಮುಗಿದ ಮನೆಯಲ್ಲಿ ಉಳಿದಿರುವ ಉಪಾಯ, ಮೊದಲ ನೀರನ್ನು ಬಕೆಟ್ಟಿಗೆ ಹಿಡಿದು ಒಗೆಯಲು ಬಳಸುವುದು, ಸ್ನಾನಗಳನ್ನು ಒಂದರ ಹಿಂದೆ ಒಂದು ಮುಗಿಸುವುದು.

ಮೂರನೆಯದು ಯಾರ ಕಣ್ಣಿಗೂ ಬೀಳದ್ದು. ಮೋಡದ ದಿನಕ್ಕಿರಲಿ ಎಂದು ಸೋಲಾರ್ ಟ್ಯಾಂಕಿನೊಳಗೆ ಒಂದು ವಿದ್ಯುತ್ ಕಾಯಿಲ್ ಕೊಟ್ಟಿರುತ್ತಾರೆ. ಅದರ ಸ್ವಿಚ್ಚು ಮೆಟ್ಟಿಲ ಹತ್ತಿರವೋ ತಾರಸಿಯ ಬಾಗಿಲ ಪಕ್ಕವೋ ಇರುತ್ತದೆ. ಆಗಸ್ಟಿನ ಒಂದು ಬೆಳಿಗ್ಗೆ ಯಾರೋ ಆನ್ ಮಾಡಿರುತ್ತಾರೆ, ಮತ್ತೆ ಯಾರೂ ಆಫ್ ಮಾಡಿರುವುದಿಲ್ಲ. ಸಂಜೆ ಒಬ್ಬರು ಬಿಸಿನೀರು ಬಳಸಿದ ಕೂಡಲೇ ಟ್ಯಾಂಕಿಗೆ ತಣ್ಣೀರು ಬರುತ್ತದೆ, ಕಾಯಿಲ್ ರಾತ್ರಿಯೇ ಇಡೀ ಟ್ಯಾಂಕಿನ ನೀರನ್ನು ಕಾಯಿಸಿಟ್ಟುಬಿಡುತ್ತದೆ. ಬೆಳಗಾಗಿ ಸೂರ್ಯ ಬಂದಾಗ ಕಾಯಿಸಲು ತಣ್ಣೀರೇ ಇರುವುದಿಲ್ಲ. ಸೋಲಾರ್ ಇದೆಯೆಂದು ಹೆಮ್ಮೆಪಡುವ ಮನೆಯೊಂದು ಹೀಗೆ ತಾರಸಿಯ ಮೇಲೆ ದೊಡ್ಡದೊಂದು ಗೀಸರನ್ನೇ ಸಾಕುತ್ತಿರುತ್ತದೆ. ಆ ಕಾಯಿಲನ್ನು ಬಿಟ್ಟು, ಸೋಲಾರಿನ ಪೈಪು ಬಚ್ಚಲಿಗೆ ಇಳಿಯುವಲ್ಲಿ ಸಣ್ಣ ಗೀಸರೊಂದನ್ನು ಜೋಡಿಸುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ. ಮೇಲಿಂದ 35 ಡಿಗ್ರಿಯ ನೀರು ಬಂದರೆ ಉಳಿದ ಏಳು ಡಿಗ್ರಿಗಷ್ಟೇ ಕರೆಂಟು ಖರ್ಚಾಗುತ್ತದೆ. ಬಿಸಿಯಾಗಿಯೇ ಬಂದರೆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ. ಒಂದು ಮಾತು, ಆ ಗೀಸರ್ ಬಿಸಿನೀರನ್ನು ಒಳಗೆ ತೆಗೆದುಕೊಳ್ಳಬಲ್ಲದೇ ಎಂದು ಕಂಪನಿಯವರನ್ನು ಕೇಳಿ ಜೋಡಿಸಬೇಕು.

ಇದೆಲ್ಲ ಸ್ವಂತ ತಾರಸಿ ಇರುವವರ ಮಾತಾಯಿತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈಗ ಹೆಚ್ಚು ಜನ ವಾಸಿಸುವುದು ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಮತ್ತು ಪಿಜಿಗಳಲ್ಲಿ. ಇಪ್ಪತ್ತು ಅಂತಸ್ತು, ಅಂತಸ್ತಿಗೆ ನಾಲ್ಕು ಫ್ಲಾಟ್ ಎಂದರೆ ಎಂಬತ್ತು ಮನೆ. ಮನೆಗೆ ನೂರು ಲೀಟರ್ ಎಂದರೂ 160 ಚದರ ಮೀಟರ್ ಹಲಗೆ, ಜೊತೆಗೆ ಒಂದರ ನೆರಳು ಇನ್ನೊಂದಕ್ಕೆ ಬೀಳದಂತೆ ನಡುವೆ ಜಾಗ. ಲಿಫ್ಟಿನ ಕೋಣೆ, ನೀರಿನ ಟ್ಯಾಂಕುಗಳು, ಬೆಂಕಿ ನಂದಿಸುವ ನೀರಿನ ತೊಟ್ಟಿ ಕಳೆದು ಉಳಿಯುವ ತಾರಸಿಯಲ್ಲಿ ಅಷ್ಟು ಸಿಗುವುದು ಕಷ್ಟ. ಅದಕ್ಕೇ ಎಷ್ಟೋ ಕಡೆ ಸೋಲಾರ್ ನೀರು ಮೇಲಿನ ಅಂತಸ್ತುಗಳಿಗೆ ಮಾತ್ರ. ಕೆಳಗಿನವರಿಗೆ ಗೀಸರೇ ಗತಿ.

ಇಂಥಲ್ಲಿ ಹೀಟ್ ಪಂಪ್ ಬರಬೇಕು. ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ಪರಿಚಯವಿಲ್ಲದ ಯಂತ್ರ, ಆದರೆ ಅದರ ಒಳಗಿನ ಕೆಲಸ ಎಲ್ಲರ ಮನೆಯಲ್ಲೂ ನಡೆಯುತ್ತಿದೆ. ಫ್ರಿಜ್ಜು ಒಳಗಿನ ಶಾಖವನ್ನು ಹೀರಿ ಹೊರಗೆ ಬಿಡುತ್ತದೆ, ಅದಕ್ಕೇ ಅದರ ಹಿಂಭಾಗ ಬೆಚ್ಚಗಿರುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಕೊಡುತ್ತದೆ. ಕರೆಂಟು ಶಾಖವನ್ನು ಸಾಗಿಸಲು ಮಾತ್ರ ಬೇಕು, ಹುಟ್ಟಿಸಲು ಅಲ್ಲ. ಹಾಗಾಗಿ ಒಂದು ಯೂನಿಟ್ ಖರ್ಚು ಮಾಡಿದರೆ ಸುಮಾರು ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಗಾಳಿಯಲ್ಲಿ ಶಾಖ ಕಡಿಮೆ, ಯಂತ್ರ ಏದುಸಿರು ಬಿಡಬೇಕು. ಬೆಂಗಳೂರಿನ ಗಾಳಿ ವರ್ಷದ ಹೆಚ್ಚು ದಿನ ಹದಿನೈದರಿಂದ ಮೂವತ್ತೈದು ಡಿಗ್ರಿಯ ನಡುವೆ ಇರುತ್ತದೆ. ಈ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಕಿಲ್ಲ.

ಅರವತ್ತು ಹುಡುಗರಿರುವ ಒಂದು ಪಿಜಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತಲೆಗೆ ಒಂದೂವರೆ ಬಕೆಟ್ಟಿನಂತೆ ತೊಂಬತ್ತು ಬಕೆಟ್, ದಿನಕ್ಕೆ ಸುಮಾರು 42 ಯೂನಿಟ್. ಇಪ್ಪತ್ತು ಬಚ್ಚಲು, ಒಂದೊಂದಕ್ಕೂ ಮೂರು ಕಿಲೋವಾಟಿನ ಇನ್‌ಸ್ಟಂಟ್ ಗೀಸರ್. ಶಿಫ್ಟಿಗೆ ಹೊರಡುವ ಹೊತ್ತಿನಲ್ಲಿ ಎಲ್ಲವೂ ಒಟ್ಟಿಗೆ ಉರಿದರೆ 60 ಕಿಲೋವಾಟ್. ಅದಕ್ಕೇ ಆ ಬೀದಿಗಳಲ್ಲಿ ಬೆಳಿಗ್ಗೆ ವೋಲ್ಟೇಜ್ ಬೀಳುವುದು, ಟ್ರಾನ್ಸ್‌ಫಾರ್ಮರ್ ಸುಡುವುದು, ಅದಕ್ಕೇ ‘ಬಿಸಿನೀರು 6ರಿಂದ 8’ ಎಂಬ ಚೀಟಿ ಅಂಟಿಸುವುದು. ಅದೇ ಪಿಜಿಯಲ್ಲಿ ಒಂದು ಹೀಟ್ ಪಂಪ್ ಮತ್ತು ಶಾಖ ಆರದಂತೆ ಹೊದಿಸಿದ ಸಾವಿರದಿನ್ನೂರು ಲೀಟರಿನ ಟ್ಯಾಂಕ್ ಇದ್ದರೆ ದಿನಕ್ಕೆ 14ರಿಂದ 16 ಯೂನಿಟ್ ಸಾಕು. ಎಂಟು ತಾಸು ನಿಧಾನವಾಗಿ ನಡೆದರೆ ಒಂದು ಹೊತ್ತಿಗೆ ಎಳೆಯುವುದು ಎರಡು ಕಿಲೋವಾಟ್ ಅಷ್ಟೇ. ತಿಂಗಳಿಗೆ 800 ಯೂನಿಟ್ ಉಳಿದು, ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ 5,600 ರೂಪಾಯಿ. ಹೀಟ್ ಪಂಪಿನ ಬೆಲೆ ಗೀಸರಿಗಿಂತ ಹಲವು ಪಟ್ಟು ಹೆಚ್ಚು ನಿಜ, ಆದರೆ ಇಷ್ಟು ಬಳಕೆ ಇರುವ ಕಡೆ ಕೆಲವೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಬರುತ್ತದೆ.

ಅದನ್ನು ನಡೆಸುವ ಹೊತ್ತು ಯಾವುದು ಎಂಬುದೂ ಮುಖ್ಯ. ಮಧ್ಯಾಹ್ನ ಗಾಳಿ ಬೆಚ್ಚಗಿರುವುದರಿಂದ ಯಂತ್ರಕ್ಕೆ ಕೆಲಸ ಹಗುರ. ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕು ಸೇರಿದಂತೆ ರಾಜ್ಯದ ಸೌರ ವಿದ್ಯುತ್ತೆಲ್ಲ ಗ್ರಿಡ್ಡಿಗೆ ಬಂದು ಬೀಳುವುದೂ ಅದೇ ಹೊತ್ತಿಗೆ. ಮಧ್ಯಾಹ್ನ ಕಾಯಿಸಿಟ್ಟ ನೀರು ಒಳ್ಳೆಯ ಟ್ಯಾಂಕಿನಲ್ಲಿ ಮರುದಿನ ಬೆಳಿಗ್ಗೆಗೂ ಬಿಸಿಯಾಗಿರುತ್ತದೆ. ಗಡಸು ನೀರಿನ ಕಾಟ ಹೀಟ್ ಪಂಪಿಗೂ ಇದೆ, ಸರ್ವಿಸ್ ಮಾಡುವವರು ಹತ್ತಿರದಲ್ಲಿ ಇದ್ದಾರೆಯೇ ಎಂದು ನೋಡಿಯೇ ಕೊಳ್ಳಬೇಕು. ತಾರಸಿ ಖಾಲಿ ಇರುವ ಎರಡಂತಸ್ತಿನ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ಸೋಲಾರೇ ಸರಿ.

ಗ್ಯಾಸ್ ಗೀಸರಿನ ಬಗ್ಗೆ ಒಂದೇ ಮಾತು. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಹೊರಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದರಿಂದ ಬೆಂಗಳೂರಿನಲ್ಲಿ ಸಾವುಗಳಾಗಿವೆ. ಬಚ್ಚಲೊಳಗೆ ಅದು ಬೇಡ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ಈ ಮೂರೂ ಭಾಗಗಳಲ್ಲಿ ಇನ್ನೊಂದು ಬದುಕಿದೆ. ಬೊಮ್ಮಸಂದ್ರದ ಹಿಂಭಾಗದಲ್ಲಿ, ಪೀಣ್ಯದ ಸುತ್ತಿನ ಓಣಿಗಳಲ್ಲಿ, ಶೀಟಿನ ಮನೆಗಳ ಸಾಲು. ಹತ್ತು ಕೋಣೆಗೆ ಎರಡು ಬಚ್ಚಲು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ರಾತ್ರಿ ಪಾಳಿ ಮುಗಿಸಿ ಬರುವ ಹುಡುಗರು. ಅಲ್ಲಿ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಇಳಿಬಿಟ್ಟ ಹೀಟರ್ ರಾಡ್, ಇಲ್ಲವೇ ಮೂರು ಕಲ್ಲಿನ ಒಲೆಗೆ ಪ್ಯಾಕಿಂಗ್ ಪೆಟ್ಟಿಗೆಯ ಚಕ್ಕೆ. ಸ್ವಿಚ್ ಆಫ್ ಮಾಡದೆ ನೀರಿಗೆ ಕೈಯಿಟ್ಟರೆ ಪ್ರಾಣಕ್ಕೇ ಅಪಾಯ. 2007ರ ನಿಯಮ ಈ ಮನೆಗಳನ್ನು ಮುಟ್ಟಲೇ ಇಲ್ಲ. ಶೀಟಿನ ಚಾವಣಿ ತುಂಬಿದ ಸೋಲಾರಿನ ಭಾರ ಹೊರಲಾರದು. ಆದರೆ ಬಚ್ಚಲುಗಳಿಗೆ ಮಾತ್ರ ಗಟ್ಟಿ ಚಾವಣಿ ಹಾಕಿ, ಅದರ ಮೇಲೆ ಇನ್ನೂರು ಮುನ್ನೂರು ಲೀಟರಿನ ಸೋಲಾರ್ ಕೂರಿಸಿ, ಎಲ್ಲರಿಗೂ ಒಂದು ಬಿಸಿನೀರಿನ ನಲ್ಲಿ ಕೊಡುವುದು ಸಾಧ್ಯ. ಅಡ್ಡಿಯಾಗಿರುವುದು ದುಡ್ಡಿನ ಲೆಕ್ಕ. ಹಾಕಿಸಬೇಕಾದವರು ಮಾಲೀಕರು, ಕರೆಂಟ್ ಬಿಲ್ ಕಟ್ಟುವವರು ಬಾಡಿಗೆಯವರು. ಉಳಿತಾಯ ತಮಗೆ ಬರದಿರುವಾಗ ಮಾಲೀಕರು ಯಾಕೆ ಕೈಹಾಕುತ್ತಾರೆ? ಸರ್ಕಾರದ ಸಹಾಯಧನ ಎಂಬುದು ಎಲ್ಲಿಗಾದರೂ ಹೋಗಬೇಕಿದ್ದರೆ ಮೊದಲು ಇಲ್ಲಿಗೆ ಹೋಗಬೇಕು.

ಪೀಣ್ಯದ ಕಾರ್ಖಾನೆಗಳ ಬಿಸಿನೀರಿನ ಕಥೆ ಬೇರೆ. ಸೋಲಾರ್ ವಾಟರ್ ಹೀಟರ್ ಮಾಡುವ ಕಂಪನಿಗಳು ಹಲವು ಇರುವುದು ಇದೇ ಪೀಣ್ಯದಲ್ಲಿ. ಅದೇ ರಸ್ತೆಗಳಲ್ಲಿ ಲೋಹಕ್ಕೆ ಬಣ್ಣ ಹಾಕುವ, ಪ್ಲೇಟಿಂಗ್ ಮಾಡುವ ಸಣ್ಣ ಶೆಡ್ಡುಗಳಿವೆ. ಬಿಡಿಭಾಗಗಳ ಎಣ್ಣೆ ಜಿಡ್ಡು ತೊಳೆಯಲು, ಫಾಸ್ಫೇಟಿಂಗ್ ಮಾಡಲು 50ರಿಂದ 70 ಡಿಗ್ರಿಯ ತೊಟ್ಟಿಗಳು ಬೇಕು. ಆ ತೊಟ್ಟಿಗಳಲ್ಲಿ ದಿನವಿಡೀ ವಿದ್ಯುತ್ ಹೀಟರುಗಳು ಮುಳುಗಿರುತ್ತವೆ, ಬಾಯಿ ತೆರೆದೇ ಇರುತ್ತದೆ, ಆವಿ ಏಳುತ್ತಲೇ ಇರುತ್ತದೆ. ಅಲ್ಲಿಂದ ಹತ್ತು ಹೆಜ್ಜೆಯಲ್ಲಿ ಏರ್ ಕಂಪ್ರೆಸರ್ ಓಡುತ್ತಿರುತ್ತದೆ. ಕಂಪ್ರೆಸರಿಗೆ ಹೋದ ಕರೆಂಟಿನ ಬಹುಪಾಲು ಶಾಖವಾಗಿಯೇ ಹೊರಬೀಳುತ್ತದೆ, ಫ್ಯಾನ್ ಅದನ್ನು ಓಣಿಗೆ ಊದುತ್ತದೆ. ಸ್ಕ್ರೂ ಕಂಪ್ರೆಸರಿನ ಬಿಸಿ ಎಣ್ಣೆಯ ದಾರಿಯಲ್ಲಿ ಒಂದು ಶಾಖ ಬದಲಿಸುವ ಸಾಧನ ಜೋಡಿಸಿದರೆ ಆ ಬಿಸಿಯೇ ತೊಟ್ಟಿಗೆ, ಕ್ಯಾಂಟೀನಿನ ಪಾತ್ರೆ ತೊಳೆಯಲು, ಬಾಯ್ಲರಿಗೆ ಹೋಗುವ ನೀರನ್ನು ಮುಂಚಿತವಾಗಿ ಬೆಚ್ಚಗೆ ಮಾಡಲು ಸಿಗುತ್ತದೆ. ಒಂದು ಕಡೆ ಶಾಖಕ್ಕೆ ದುಡ್ಡು ಕೊಟ್ಟು, ಇನ್ನೊಂದು ಕಡೆ ಶಾಖವನ್ನು ಬೀದಿಗೆ ಬಿಸಾಡುವುದನ್ನು ಮೊದಲು ನಿಲ್ಲಿಸಬೇಕು. ತೊಟ್ಟಿಗೆ ಮುಚ್ಚಳವೋ ತೇಲುವ ಪ್ಲಾಸ್ಟಿಕ್ ಗುಂಡುಗಳೋ ಹಾಕುವುದಕ್ಕೆ ಅಂಥ ಸಾಧನವೂ ಬೇಕಿಲ್ಲ, ಒಂದು ವಾರದಲ್ಲಿ ಆಗುವ ಕೆಲಸ.

ಸರ್ಕಾರದ ಕಡೆಯಿಂದ ಏನಾಗಿದೆ? ಸೋಲಾರ್ ಬಳಸುವ ಮನೆಗೆ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ದರಪಟ್ಟಿಯಲ್ಲಿ ವರ್ಷಗಳಿಂದ ಇದ್ದದ್ದು. ಬಿಲ್ ಎಷ್ಟು ಏರಿದರೂ ಆ ಐವತ್ತು ಐವತ್ತಾಗಿಯೇ ಉಳಿಯಿತು. ಸೋಲಾರ್ ವಾಟರ್ ಹೀಟರಿಗೆ ಕೇಂದ್ರ ಕೊಡುತ್ತಿದ್ದ ಸಹಾಯಧನ 2014ರಲ್ಲಿ ನಿಂತಿತು. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ತಾರಸಿಯ ಮೇಲೆ ವಿದ್ಯುತ್ ಮಾಡುವ ಪ್ಯಾನೆಲ್‌ಗಳಿಗೆ 78,000 ರೂಪಾಯಿವರೆಗೆ ಕೊಡುತ್ತದೆ, ನೀರು ಕಾಯಿಸುವುದಕ್ಕೆ ಇಲ್ಲ. ಹೀಗಾಗಿ ಹಳೆಯ ಸೋಲಾರ್ ಕಿತ್ತು ಅಲ್ಲಿಗೆ ಪ್ಯಾನೆಲ್ ತರುವ ಯೋಚನೆ ಹಲವರಿಗೆ ಬರುತ್ತಿದೆ. ಆತುರ ಬೇಡ. ಎರಡು ಚದರ ಮೀಟರ್ ಜಾಗದಲ್ಲಿ ಪ್ಯಾನೆಲ್ ದಿನಕ್ಕೆ ಒಂದೂವರೆ ಯೂನಿಟ್ ಚಿಲ್ಲರೆ ಕರೆಂಟು ಕೊಡುತ್ತದೆ. ಅದೇ ಜಾಗದ ವಾಟರ್ ಹೀಟರ್ ನಾಲ್ಕೂವರೆ ಯೂನಿಟ್ಟಿನಷ್ಟು ಬಿಸಿ ಕೊಡುತ್ತದೆ. ಪ್ಯಾನೆಲ್ಲಿನ ಕರೆಂಟಿನಿಂದ ಹೀಟ್ ಪಂಪ್ ನಡೆಸಿದರೆ ಮಾತ್ರ ಎರಡೂ ಸಮ. ಪ್ಯಾನೆಲ್ಲಿನ ಕರೆಂಟನ್ನು ಗೀಸರಿಗೆ ಕೊಡುವುದು ನಷ್ಟದ ವ್ಯಾಪಾರ.

ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು, ಇವತ್ತು ಅಲ್ಲಿನ ಬಹುಪಾಲು ಮನೆಗಳ ಬಿಸಿನೀರು ಬಿಸಿಲಿನದೇ. ನಮ್ಮ ನಿಯಮವೂ ಅಷ್ಟೇ ಒಳ್ಳೆಯದು. ಅದಕ್ಕೆ ಮೂರು ಮಾತು ಸೇರಬೇಕು. ಸಂಪರ್ಕ ಕೊಟ್ಟ ಮೇಲೂ ಕೆಲವು ವರ್ಷಕ್ಕೊಮ್ಮೆ ಸೋಲಾರ್ ನಡೆಯುತ್ತಿದೆಯೇ ಎಂದು ನೋಡುವುದು, ನಡೆಯುತ್ತಿರುವ ಮನೆಗೆ ಐವತ್ತಕ್ಕಿಂತ ಮರ್ಯಾದೆಯ ರಿಯಾಯಿತಿ ಕೊಡುವುದು. ಮತ್ತು ಎತ್ತರದ ಕಟ್ಟಡ, ಪಿಜಿ, ಹಾಸ್ಟೆಲುಗಳಿಗೆ ಸೋಲಾರ್ ಆಗದಿದ್ದ ಕಡೆ ಹೀಟ್ ಪಂಪನ್ನು ಕಡ್ಡಾಯ ಮಾಡುವುದು. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ, ಎಲ್ಸಿಟಾ, ಇದೆ. ತನ್ನ ಗಡಿಯೊಳಗೆ ಇದನ್ನು ಮೊದಲು ಮಾಡಿ ತೋರಿಸಲು ಅದಕ್ಕಿಂತ ತಕ್ಕ ಸಂಸ್ಥೆ ನನಗೆ ಕಾಣುವುದಿಲ್ಲ.

ಬಡಾವಣೆಯ ಸಂಘದವರಿಗೂ ಒಂದು ಕೆಲಸವಿದೆ. ಒಂದೊಂದೇ ಮನೆ ಕರೆದರೆ ಸರ್ವಿಸಿನವರು ಬರುವುದಿಲ್ಲ, ಬಂದರೂ ಹೆಚ್ಚು ಕೇಳುತ್ತಾರೆ. ಐವತ್ತು ಮನೆ ಸೇರಿ ಒಂದೇ ಒಪ್ಪಂದ ಮಾಡಿಕೊಂಡರೆ ಸುಣ್ಣ ತೆಗೆಸುವುದು, ಒಡೆದ ಟ್ಯೂಬ್ ಬದಲಿಸುವುದು, ಮೆಗ್ನೀಶಿಯಂ ಕಡ್ಡಿ ಹಾಕಿಸುವುದು ಎಲ್ಲ ಎರಡು ದಿನದಲ್ಲಿ ಮುಗಿಯುತ್ತದೆ. ಈ ಸಲದ ನೀರು ತುಂಬುವ ಹಬ್ಬಕ್ಕೆ ಮೊದಲೇ ಮಾಡಿಸಿಬಿಡಿ, ಚಳಿಗಾಲಕ್ಕೆ ಸರಿಯಾಗುತ್ತದೆ. ಅಲ್ಲಿಯವರೆಗೂ ಕಾಯಬೇಕಾಗಿಲ್ಲದ ಕೆಲಸ ಒಂದಿದೆ. ನಿಮ್ಮ ಮನೆಯಲ್ಲಿ ಸೋಲಾರ್ ಇದ್ದರೆ ಅದರ ಕಾಯಿಲಿನ ಸ್ವಿಚ್ಚು ಎಲ್ಲಿದೆ ಎಂದು ಹುಡುಕಿ, ಆನ್ ಇದ್ದರೆ ಇವತ್ತೇ ಆಫ್ ಮಾಡಿ.